ಲೆಕ್ಕ ಬರೆದ ಮೇಲೆಯೇ ಬೀಗ ತೆಗೆಯುವುದು: ವರ್ಕ್‌ಶಾಪಿನಲ್ಲಿ ನನ್ನ ಅನುಭವ

ಎಲೆಕ್ಟ್ರಿಷಿಯನ್ ಟ್ರೇಡಿನ ಮೊದಲ ವರ್ಷದವರಿಗೆ ಸುರಕ್ಷತೆಯನ್ನು ಗೋಡೆಯ ಚಾರ್ಟ್ ತೋರಿಸಿ ಮುಗಿಸಿ, ಓಮ್‌ನ ನಿಯಮವನ್ನು ಬೇರೆ ತರಗತಿಯಲ್ಲಿ ಹೇಳಿಕೊಡುವ ಪದ್ಧತಿಯನ್ನು ನಾನು ಕೈಬಿಟ್ಟು ನಾಲ್ಕೈದು ವರ್ಷಗಳಾದವು. ಎರಡನ್ನೂ ಒಂದೇ ಬೆಂಚಿನ ಮೇಲೆ ಕಲಿಸುತ್ತೇನೆ. ಹೊಸ ಹುಡುಗರ ಕೈಗೆ ಬೇಕೆಂದೇ ಫಾಲ್ಟ್ (ದೋಷ) ಇಟ್ಟ ಬೋರ್ಡ್ ಕೊಟ್ಟರೆ ಅನಾಹುತವಾಗುತ್ತದೆ, ಸಿಲಬಸ್ಸೂ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಎಚ್ಚರಿಸಿದ್ದರು. ಸಿಲಬಸ್ ಮುಗಿಯುತ್ತಿದೆ, ಇದುವರೆಗೆ ಒಬ್ಬರಿಗೂ ಶಾಕ್ ಹೊಡೆದಿಲ್ಲ, ಮತ್ತು ಅಂದು ಎಚ್ಚರಿಸಿದವರಲ್ಲಿ ಇಬ್ಬರು ಈಗ ನನ್ನ ಬೋರ್ಡುಗಳನ್ನೇ ಕೇಳಿ ಒಯ್ಯುತ್ತಾರೆ.

ನಿಯಮ ಇಷ್ಟೆ. ಪ್ರತಿ ಬೆಂಚಿನ ಐಸೊಲೇಟರಿಗೆ, ಅಂದರೆ ಸಪ್ಲೈ ಪೂರ್ತಿ ಕಡಿಯುವ ಸ್ವಿಚ್ಚಿಗೆ, ವಿದ್ಯಾರ್ಥಿಯ ಸ್ವಂತ ಬೀಗ ಬೀಳುತ್ತದೆ, ಕೀಲಿ ಅವನ ಜೇಬಿನಲ್ಲಿರುತ್ತದೆ. ಬೀಗ ತೆಗೆಯುವ ಮೊದಲು ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್, ಎಷ್ಟು ಕರೆಂಟ್, ಯಾವ ಬಲ್ಬು ಹೆಚ್ಚು ಉರಿಯುತ್ತದೆ ಎಂಬುದನ್ನು ಬರೆದು ತೋರಿಸಬೇಕು. ಕೆಲಸದ ನಡುವೆ ಮತ್ತೆ ಬೀಗ ಹಾಕಿದರೆ ಟೆಸ್ಟ್ ಲ್ಯಾಂಪನ್ನು ಮೊದಲು ಸಪ್ಲೈ ಇರುವ ಸಾಕೆಟ್ಟಿನಲ್ಲಿ, ನಂತರ ತನ್ನ ಸರ್ಕ್ಯೂಟಿನಲ್ಲಿ, ಪುನಃ ಅದೇ ಸಾಕೆಟ್ಟಿನಲ್ಲಿ ಹಿಡಿದು ನೋಡಿದ ಮೇಲೆಯೇ ವೈರ್ ಮುಟ್ಟಬೇಕು.

ಮೊದಲು ಎಲ್ಲವನ್ನೂ 24 ವೋಲ್ಟಿನಲ್ಲೇ ನಡೆಸಲು ಟ್ರಾನ್ಸ್‌ಫಾರ್ಮರುಗಳಿಗೆ ಆರೇಳು ಸಾವಿರ ಖರ್ಚಾಗಿತ್ತು. ಆದರೆ 24 ವೋಲ್ಟಿಗೆ ಯಾರೂ ಹೆದರಲಿಲ್ಲ. ಬರಿಯ ತುದಿಗಳನ್ನು ಬೆರಳಿನಿಂದ ತಿರುಚುವ ಚಟ ಬೆಳೆಯಿತು, ಮತ್ತು ಅದೇ ಚಟ 230 ವೋಲ್ಟಿನ ಬೆಂಚಿಗೂ ಬರುವ ಲಕ್ಷಣ ಕಂಡಿತು. ಈಗ ಆ ಟ್ರಾನ್ಸ್‌ಫಾರ್ಮರುಗಳನ್ನು ಮೊದಲ ಕೆಲವು ದಿನ ಮಾತ್ರ ಬಳಸುತ್ತೇನೆ. ನಂತರ ಬೆಂಚಿಗೊಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಹೋದ ಕರೆಂಟಿಗೂ ಮರಳಿದ ಕರೆಂಟಿಗೂ ವ್ಯತ್ಯಾಸ ಬಂದರೆ ತಾನೇ ಬಿದ್ದು ಸಪ್ಲೈ ಕಡಿಯುವ ಸ್ವಿಚ್) ಹಾಕಿಸಿದೆವು, ಒಂದಕ್ಕೆ ಎರಡು ಸಾವಿರದ ಆಸುಪಾಸು. ಒಂದು ಬೆಂಚಿನಲ್ಲಿ ಸ್ವಿಚ್ ಹಾಕಿದರೆ ಪಕ್ಕದ್ದೂ ಟ್ರಿಪ್ ಆಗತೊಡಗಿತು. ಮಾಲು ಕೆಟ್ಟದ್ದೆಂದು ಎಲ್ಲರೂ ತೀರ್ಮಾನಿಸಿದ್ದರು. ಕಾರಣ ಹಳೆಯ ವೈರಿಂಗಿನಲ್ಲಿ ಎರಡು ಬೆಂಚುಗಳ ನ್ಯೂಟ್ರಲ್ ಒಂದೇ ಲಿಂಕಿನಲ್ಲಿ ಸೇರಿದ್ದುದು. ಫೇಸಿನಲ್ಲಿ ಹೋದ ಕರೆಂಟ್ ಅದೇ ಆರ್‌ಸಿಸಿಬಿಯ ನ್ಯೂಟ್ರಲ್‌ನಲ್ಲಿ ಮರಳದಿದ್ದರೆ ಅದು ಬೀಳಲೇಬೇಕು. ನ್ಯೂಟ್ರಲ್‌ಗಳನ್ನು ಬೇರ್ಪಡಿಸಲು ವೈರಿನ ಖರ್ಚು ಮಾತ್ರ ಬಂತು, ಆ ಫಾಲ್ಟ್ ಈಗ ನನ್ನ ಅತ್ಯುತ್ತಮ ಪಾಠಗಳಲ್ಲಿ ಒಂದು.

ಪಾಠಕ್ಕೆ ತಂತು ಬಲ್ಬಿನಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. 100 ವಾಟ್ ಬಲ್ಬಿಗೆ 230 ವೋಲ್ಟಿನಲ್ಲಿ ಲೆಕ್ಕ ಹಾಕಿದರೆ 529 ಓಮ್ ಬರುತ್ತದೆ, ಮಲ್ಟಿಮೀಟರ್ ನಲವತ್ತರ ಆಸುಪಾಸು ತೋರಿಸುತ್ತದೆ. ತಂತು ಬಿಸಿಯಾದಾಗ ರೋಧ ಏರುತ್ತದೆ ಎಂಬುದನ್ನು ನಾನು ಹೇಳುವುದಿಲ್ಲ, ಅವರೇ ವಾದಿಸಿ ಅಲ್ಲಿಗೆ ಬರಬೇಕು. 60 ಮತ್ತು 100 ವಾಟ್ ಬಲ್ಬುಗಳನ್ನು ಸೀರೀಸ್‌ನಲ್ಲಿ ಹಾಕಿದಾಗ 60ರದ್ದೇ ಹೆಚ್ಚು ಉರಿಯುವುದನ್ನು ಮೊದಲೇ ಬರೆದು ಗೆದ್ದವನು ಆಮೇಲೆ ಲೆಕ್ಕಕ್ಕೆ ಹೆದರುವುದಿಲ್ಲ. ಸುರಕ್ಷತೆಯ ಮಾತೂ ಇಲ್ಲಿಂದಲೇ ಹುಟ್ಟುತ್ತದೆ: ಸೀರೀಸ್ ಲ್ಯಾಂಪ್ (ಸರ್ಕ್ಯೂಟಿನ ಜೊತೆ ಸೀರೀಸ್‌ನಲ್ಲಿ ಹಾಕುವ ಬಲ್ಬು) ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂದು ಹಲವು ಹಳೆಯ ಮೇಸ್ತ್ರಿಗಳೂ ನಂಬಿದ್ದಾರೆ. 100 ವಾಟ್ ಬಲ್ಬು ಸುಮಾರು 0.43 ಆಂಪಿಯರ್ ಬಿಡುತ್ತದೆ, ಆರ್‌ಸಿಸಿಬಿ ಬೀಳುವ ಮಿತಿಯ ಹತ್ತು ಪಟ್ಟಿಗಿಂತ ಹೆಚ್ಚು. ಸೀರೀಸ್ ಲ್ಯಾಂಪ್ ಶಾರ್ಟ್ ಸರ್ಕ್ಯೂಟಿನಿಂದ ವೈರನ್ನು ಕಾಯುತ್ತದೆಯೇ ಹೊರತು ಮನುಷ್ಯನನ್ನು ಕಾಯುವುದಿಲ್ಲ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಹಿಡಿದವನನ್ನು ಆರ್‌ಸಿಸಿಬಿಯೂ ಉಳಿಸುವುದಿಲ್ಲವೆಂಬುದನ್ನು ಅವರು ಚಿತ್ರ ಬರೆದು ವಿವರಿಸುವವರೆಗೆ ಮುಂದೆ ಹೋಗುವುದಿಲ್ಲ.

ಅರ್ಥಿಂಗಿನ ಪ್ರಯೋಗ ಸಿಲಬಸ್ಸಿಗಿಂತ ಸ್ವಲ್ಪ ಆಚೆಗೆ ಹೋಯಿತು. ನಮ್ಮ ರಾಯಚೂರು ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ನೆಲದಲ್ಲಿ ಹೂತ ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಮಳೆಗಾಲದಲ್ಲಿ ನಾಲ್ಕು ಓಮ್‌ನಷ್ಟಿದ್ದ ಅರ್ಥ್ ಗುಂಡಿ ಏಪ್ರಿಲ್‌ನಲ್ಲಿ ಎಂಟು–ಒಂಬತ್ತು ತೋರಿಸಿತು, ನಾಲ್ಕಾರು ಕೊಡ ನೀರು ಹಾಕಿದ ಮರುದಿನ ಬಹಳಷ್ಟು ಇಳಿಯಿತು. ಫಾಲ್ಟ್ ಕರೆಂಟಿನ ಪೂರ್ತಿ ದಾರಿ 10 ಓಮ್ ಇದ್ದರೆ ಹರಿಯುವುದು 23 ಆಂಪಿಯರ್. ಸಿ ಮಾದರಿಯ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್) ತಕ್ಷಣ ಬೀಳಬೇಕಾದರೆ ಕನಿಷ್ಠ 80 ಬೇಕು. ಹಾಗಾಗಿ ಎಂಸಿಬಿ ಬಹಳ ಹೊತ್ತು ಸುಮ್ಮನಿದ್ದು, ಮಿಷನ್ನಿನ ಕಬ್ಬಿಣದ ಮೈಯಲ್ಲಿ ವೋಲ್ಟೇಜ್ ನಿಂತಿರುತ್ತದೆ. ಈ ಲೆಕ್ಕವನ್ನು ಸ್ವತಃ ಮಾಡಿದ ಮೇಲೆ ಅರ್ಥ್ ಇದೆಯಲ್ಲ, ಎಂಸಿಬಿ ಸಾಕು ಎಂದು ಯಾವ ಹುಡುಗನೂ ಹೇಳಿಲ್ಲ.

ಫಾಲ್ಟ್ ಬೋರ್ಡನ್ನು ಪ್ಲೈವುಡ್, ಗುಜರಿಯ ಸ್ವಿಚ್ಚು, ಬ್ಯಾಟನ್ ಹೋಲ್ಡರುಗಳಿಂದ ಕಟ್ಟಿದರೆ ಒಂದಕ್ಕೆ ಐನೂರು–ಆರುನೂರು ರೂಪಾಯಿ ಸಾಕು. ಬಂದು ಹೋಗುವ ಫಾಲ್ಟನ್ನು ಹೇಗೆ ಅಡಗಿಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮುಂದಿನ ಬ್ಯಾಚಿನವರೂ ಇದನ್ನು ಓದುತ್ತಾರೆ. ಈಗ ಮೋಟಾರ್ ಬೆಂಚಿಗೂ ಇದೇ ಬೀಗದ ನಿಯಮ ತರುತ್ತಿದ್ದೇನೆ. ಅಲ್ಲಿ ಮೊದಲು ಬರೆಸುವ ಪ್ರಶ್ನೆ, ಡಿಒಎಲ್ ಸ್ಟಾರ್ಟರಿನ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸಿ ಚಾಲೂ ಮಾಡುವ ಸ್ಟಾರ್ಟರ್) ಸ್ಟಾಪ್ ಬಟನ್ ಒತ್ತಿದ ಮೇಲೂ ಯಾವ ಯಾವ ಟರ್ಮಿನಲ್ಲುಗಳ ನಡುವೆ 415 ವೋಲ್ಟ್ ಉಳಿದಿರುತ್ತದೆ ಎಂಬುದು.