ಜಲವರ್ಣದ ಮುಖದಲ್ಲಿ ಕೆಸರಾಗುತ್ತಿದ್ದ ನೆರಳು

ಡಚ್ ಚಿತ್ರಕಾರ ಯೋಹಾನೆಸ್ ವರ್ಮೀರ್ 1665ರ ಸುಮಾರಿಗೆ ತೈಲವರ್ಣದಲ್ಲಿ ರಚಿಸಿದ ‘ಮುತ್ತಿನ ಓಲೆಯ ಹುಡುಗಿ’ಯನ್ನು ಜಲವರ್ಣದಲ್ಲಿ ನಕಲು ಮಾಡಲು ಹೊರಟಾಗ, ಕೆನ್ನೆಯ ನೆರಳು ಮೂರು ಸಲವೂ ಕೆಸರಿನಂತೆ ಕಲಕಿಹೋಯಿತು. ಮಿಶ್ರಣವೇ ತಪ್ಪೆಂದು ಭಾವಿಸಿ ಹೊಸ ಹೊಸ ಬಣ್ಣಗಳನ್ನು ಸೇರಿಸುತ್ತ ಹೋದೆ. ಅದು ಇನ್ನಷ್ಟು ಮಂಕಾಯಿತೇ ಹೊರತು ಸರಿಹೋಗಲಿಲ್ಲ. ದೋಷವಿದ್ದದ್ದು ನನ್ನ ಅವಸರದಲ್ಲಿ. ಮೊದಲ ಲೇಪ ಅರೆ ಒಣಗಿರುವಾಗಲೇ ಕುಂಚವನ್ನು ಮತ್ತೆ ಆಡಿಸುತ್ತಿದ್ದುದರಿಂದ ಕೆಳಗಿನ ಬಣ್ಣ ಎದ್ದು ಮೇಲಿನದರೊಡನೆ ಬೆರೆಯುತ್ತಿತ್ತು.

ನಾಲ್ಕನೆಯ ಸಲ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಕಾಗದದ ಮೇಲೆ ಹಳದಿ ಓಕರ್‌ಗೆ ತುಸು ಕೆಂಪು ಬೆರೆಸಿ ತೆಳುವಾಗಿ ಹರಡಿ, ಕೈಯ ಹಿಂಬದಿಗೆ ತಂಪು ತಾಗದಷ್ಟು ಒಣಗಿದ ಬಳಿಕವೇ ಎರಡನೆಯ ಲೇಪಕ್ಕೆ ಕೈಹಾಕಿದೆ. ನೆರಳನ್ನು ಕೆಂಗಂದು ಬಣ್ಣವಾದ ಬರ್ಂಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ನೀಲಿ, ಈ ಎರಡರಿಂದಲೇ, ಒಂದೇ ಬೀಸಿನಲ್ಲಿ ಮುಗಿಸಿದೆ. ಮೂಲದಲ್ಲಿ ಮೂಗಿನ ದಿಣ್ಣೆಗೂ ಆಚೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲವೆಂಬುದು ಆಗಲೇ ಕಣ್ಣಿಗೆ ಬಿದ್ದದ್ದು. ನಾನೋ ಪ್ರತಿ ಸಲ ಅಲ್ಲೊಂದು ಗೆರೆ ಎಳೆಯುತ್ತಿದ್ದೆ! ತುಟಿಯ ಹೊಳಪನ್ನು ವರ್ಮೀರ್ ಬಿಳಿ ಬಣ್ಣದಿಂದ ಮೂಡಿಸಿದ್ದರೆ, ನಾನು ಕಾಗದದ ಬಿಳುಪನ್ನೇ ಮೊದಲಿನಿಂದ ಉಳಿಸಿಕೊಳ್ಳಬೇಕಾಯಿತು. ಮುತ್ತು ಮಾತ್ರ ಎರಡು ಬೀಸಿಗೇ ಒಲಿದು ಬಂತು.