ಐಂಡ್‌ಹೋವನ್ ಪಕ್ಕದ ಹಳ್ಳಿಯಲ್ಲಿ ಬಾಡಿಗೆ ಮನೆ: ಸಹಿಗೆ ಮುಂಚೆ, ಕೀಲಿ ಸಿಕ್ಕ ಮೇಲೆ

ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದ ಸುತ್ತಮುತ್ತ ಕೆಲಸಕ್ಕೆ ಬರುವ ನಮ್ಮವರು ಮೊದಲು ನಗರದೊಳಗೇ ಫ್ಲಾಟ್ ಹಿಡಿಯುತ್ತಾರೆ. ಮಕ್ಕಳಿರುವವರ ಕಣ್ಣು ಆಮೇಲೆ ನ್ಯೂನೆನ್, ವಾಲ್ರೆ, ಸೋನ್, ಬೆಸ್ಟ್, ಖೆಲ್ಡ್ರಾಪ್ ಎಂಬ ಹತ್ತಿರದ ಊರುಗಳ ಕಡೆ ಹೊರಳುತ್ತದೆ. ಸಾಲು ಮನೆ, ಹಿಂದೆ ಪುಟ್ಟ ತೋಟ, ಸೈಕಲ್ಲಿಗೊಂದು ಶೆಡ್ಡು, ಸಂಜೆ ಏಳಕ್ಕೆ ಸದ್ದಿಲ್ಲದ ಬೀದಿ. ಬೇಕಾದದ್ದು ಇದೇ. ಆದರೆ ಜಾಹೀರಾತಿನ ಬಾಡಿಗೆ ಒಂದನ್ನೇ ನೋಡಿ ಒಪ್ಪಿಕೊಂಡವರು ಆಮೇಲೆ ನೆಲಕ್ಕೆ, ಗ್ಯಾಸಿಗೆ, ಓಡಾಟಕ್ಕೆ ಸುರಿಯುವ ದುಡ್ಡು ದೊಡ್ಡದು. ಅದಕ್ಕೇ ನಾನು ಪಾಲಿಸಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಓಡಾಟ. ಬೆಸ್ಟ್ ಮತ್ತು ಖೆಲ್ಡ್ರಾಪ್‌ನಲ್ಲಿ ರೈಲು ನಿಲ್ಲುತ್ತದೆ. ನ್ಯೂನೆನ್, ಸೋನ್, ವಾಲ್ರೆಯಲ್ಲಿ ನಿಲ್ದಾಣವೇ ಇಲ್ಲ, ಬಸ್ಸು ಇಲ್ಲವೇ ಸೈಕಲ್ಲು. ಮನೆಯ ವಿಳಾಸ ಮತ್ತು ಕಚೇರಿಯ ವಿಳಾಸವನ್ನು ಬಸ್ಸು-ರೈಲಿನ ದಾರಿ ತೋರಿಸುವ 9292 ಆ್ಯಪ್‌ನಲ್ಲಿ ಹಾಕಿ ಮೂರು ಸಲ ನೋಡಿ: ಸೋಮವಾರ ಬೆಳಗ್ಗೆ 8ಕ್ಕೆ, ರಾತ್ರಿ 10ರ ನಂತರ, ಭಾನುವಾರ ಬೆಳಗ್ಗೆ. ಮೊದಲನೆಯದು ಚೆನ್ನಾಗಿದ್ದರೂ ಉಳಿದೆರಡರಲ್ಲಿ ಕೈಕೊಡುವ ಬೀದಿಗಳು ಬಹಳ. ಅದೇ ಹೊತ್ತಿಗೆ ಆ ಊರಿನ ಮನೆವೈದ್ಯರಿಗೂ ಫೋನ್ ಮಾಡಿ ಹೊಸಬರನ್ನು ಸೇರಿಸಿಕೊಳ್ಳುತ್ತಾರಾ ಎಂದು ಕೇಳಿ. ಇಲ್ಲಿ ಮನೆವೈದ್ಯರ ಪಟ್ಟಿ ಪೋಸ್ಟ್‌ಕೋಡ್ ಲೆಕ್ಕದಲ್ಲಿ ನಡೆಯುತ್ತದೆ, ತುಂಬಿದ್ದರೆ ಬಾಗಿಲು ಮುಚ್ಚಿರುತ್ತದೆ. ಡಚ್ ಬಾರದ ಮಗುವಿಗೆ ಭಾಷೆ ಕಲಿಸುವ ಹೊಸಬರ ತರಗತಿ ಹಳ್ಳಿಯ ಶಾಲೆಯಲ್ಲೇ ಇರುತ್ತದೆ ಅಂದುಕೊಳ್ಳಬೇಡಿ, ಅದನ್ನೂ ಕೇಳಿ.

ಹುಡುಕಾಟ ಫುಂಡಾ, ಪರಾರಿಯಸ್ ತಾಣಗಳಲ್ಲಿ. ಸಾಮಾಜಿಕ ವಸತಿ ಸಂಸ್ಥೆಗಳ ಕಡಿಮೆ ಬಾಡಿಗೆಯ ಮನೆಗೆ ವರ್ಷಗಟ್ಟಲೆ ಸರದಿ ಕಾಯಬೇಕು. ಬಂದ ದಿನವೇ ಹೆಸರು ಬರೆಸಿ ಮರೆತುಬಿಡುವುದು ಒಳ್ಳೆಯದು. ಖಾಸಗಿ ಮನೆ ಬೇಗ ಬೇರೆಯವರ ಪಾಲಾಗುತ್ತದೆ, ಹಾಗಾಗಿ ಕಾಗದಪತ್ರ ಮೊದಲೇ ಒಂದೇ ಪಿಡಿಎಫ್‌ನಲ್ಲಿರಲಿ: ಮೂರು ತಿಂಗಳ ಸಂಬಳ ಚೀಟಿ, ಕಂಪನಿಯ ಉದ್ಯೋಗ ಪತ್ರ, ಹಿಂದಿನ ಮನೆ ಮಾಲೀಕರ ಪತ್ರ, ಗುರುತಿನ ಚೀಟಿಯ ಪ್ರತಿ. ಪ್ರತಿಯನ್ನು ಸರ್ಕಾರದ ಕೊಪೀಐಡಿ ಆ್ಯಪ್‌ನಲ್ಲಿ ತೆಗೆದು ಬಿಎಸ್‌ಎನ್ ಎಂಬ ನಾಗರಿಕ ಗುರುತಿನ ಸಂಖ್ಯೆಯನ್ನು ಮರೆಮಾಡಿ, ಯಾರಿಗೆ, ಯಾವತ್ತು ಕೊಟ್ಟಿದ್ದು ಎಂದು ಅದರ ಮೇಲೇ ಬರೆಸಿ. ಸಾಮಾನ್ಯವಾಗಿ ಬಾಡಿಗೆಯ ಮೂರರಿಂದ ನಾಲ್ಕು ಪಟ್ಟು ತಿಂಗಳ ಒಟ್ಟು ಸಂಬಳ ಕೇಳುತ್ತಾರೆ. ಮಾಲೀಕರ ಪರವಾಗಿ ಕೆಲಸ ಮಾಡುವ ಮಕೆಲಾರ್, ಅಂದರೆ ಏಜೆಂಟ್, ನಿಮ್ಮಿಂದ ದಲ್ಲಾಳಿ ಹಣ ಕೇಳುವ ಹಾಗಿಲ್ಲ. ಮಾಲೀಕರು ವಿದೇಶದಲ್ಲಿದ್ದಾರೆ, ಮೊದಲು ದುಡ್ಡು ಕಳಿಸಿ, ಕೀಲಿ ಪೋಸ್ಟಿನಲ್ಲಿ ಬರುತ್ತದೆ ಎಂದರೆ ಅದು ಮೋಸ. ಅನುಮಾನವಿದ್ದರೆ ಭೂದಾಖಲೆ ಇಲಾಖೆಯಾದ ಕಡಾಸ್ಟರ್‌ನಲ್ಲಿ ಸಣ್ಣ ಶುಲ್ಕ ಕಟ್ಟಿ ಮನೆ ಯಾರ ಹೆಸರಲ್ಲಿದೆ ನೋಡಬಹುದು. ಈ ವಿಳಾಸದಲ್ಲಿ ನೋಂದಣಿ ಆಗುವುದಿಲ್ಲ ಎಂದು ಬರೆದಿರುವ ಮನೆ ಎಷ್ಟೇ ಚೆಂದವಿದ್ದರೂ ಬೇಡ. ನಗರಸಭೆಯ ನೋಂದಣಿ ಇಲ್ಲದೆ ಇಲ್ಲಿ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ.

ಜಾಹೀರಾತಿನ ಮೂರು ಪದ ಗೊತ್ತಿರಲೇಬೇಕು. 'ಖೆಮ್ಯೂಬಿಲೇರ್ಟ್' ಅಂದರೆ ಪೀಠೋಪಕರಣ ಸಮೇತ. 'ಖೆಸ್ಟೊಫೇರ್ಟ್' ಅಂದರೆ ನೆಲಹಾಸು, ಪರದೆ ಇರುತ್ತವೆ, ಮಂಚ ಕುರ್ಚಿ ಇರುವುದಿಲ್ಲ. 'ಕಾಲ್' ಅಂದರೆ ನಿಜಕ್ಕೂ ಬೋಳು: ಕಾಲಿಟ್ಟರೆ ಸಿಮೆಂಟು, ಕೆಲವೊಮ್ಮೆ ದೀಪದ ಹೋಲ್ಡರ್ ಕೂಡ ಇಲ್ಲದೆ ತಂತಿ ನೇತಾಡುತ್ತಿರುತ್ತದೆ. ಬೋಳು ಮನೆಗೆ ಲ್ಯಾಮಿನೇಟ್ ನೆಲಹಾಸು ನೀವೇ ಹಾಕಿಸಬೇಕು. ಅಳತೆಗಿಂತ ಶೇ. 5ರಿಂದ 10 ಹೆಚ್ಚು ಕೊಳ್ಳಿ, ಕತ್ತರಿಸುವಾಗ ಅಷ್ಟು ಹಾಳಾಗುತ್ತದೆ. ಗೋಡೆಯ ಸುತ್ತ 8ರಿಂದ 10 ಮಿಲಿಮೀಟರ್ ಸಂದು ಬಿಡದಿದ್ದರೆ ತೇವದ ತಿಂಗಳಲ್ಲಿ ಹಲಗೆ ಹಿಗ್ಗಿ ನಡುವೆ ಉಬ್ಬುತ್ತದೆ. ಹಿಂದಿನ ಬಾಡಿಗೆದಾರರ ನೆಲಹಾಸನ್ನು ದುಡ್ಡು ಕೊಟ್ಟು ಉಳಿಸಿಕೊಳ್ಳುವ ಪದ್ಧತಿಯೂ ಇದೆ. ಅಗ್ಗವೇ, ಆದರೆ ಹಾಗೆ ಕೊಂಡದ್ದು ನಿಮ್ಮ ಸ್ವತ್ತಾಗುತ್ತದೆ. ಬಿಡುವಾಗ ಕಿತ್ತು ಸಾಗಿಸುವ ಹೊಣೆಯೂ ನಿಮ್ಮದೇ. ಹಾಗಾಗಿ ಬೆಲೆಯನ್ನೂ ಮಾಲೀಕರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ಬಾಡಿಗೆ ನ್ಯಾಯವಾಗಿದೆಯೇ ಎಂದು ಅಳೆಯಲು ಅಂಕಗಳ ಪದ್ಧತಿಯಿದೆ. ನಮ್ಮವರು ಹೆಚ್ಚಾಗಿ ಗಮನಿಸದೆ ಬಿಡುವುದು ಇದನ್ನೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೋಣೆಗಳ ಚದರ ಮೀಟರ್, ಅಡುಗೆಮನೆ, ಬಚ್ಚಲು, ತೋಟ, ಎನರ್ಜಿ ಲೇಬಲ್ (ಮನೆ ಎಷ್ಟು ಇಂಧನ ಉಳಿಸುತ್ತದೆ ಎಂಬ ದರ್ಜೆ), ತೆರಿಗೆ ಲೆಕ್ಕಕ್ಕೆ ಮನೆಗೆ ಕಟ್ಟಿದ ಬೆಲೆ, ಇವಕ್ಕೆಲ್ಲ ಅಂಕ. ಎ ಲೇಬಲ್ ಅಂಕ ಏರಿಸುತ್ತದೆ, ಇ, ಎಫ್, ಜಿ ಲೇಬಲ್ ಅಂಕ ಕಳೆಯುತ್ತದೆ. 2024ರ ಜುಲೈ 1ರಿಂದ ಮಾಡಿದ ಹೊಸ ಕರಾರುಗಳಲ್ಲಿ 186 ಅಂಕದವರೆಗಿನ ಮನೆಗೆ ಈ ಲೆಕ್ಕ ಕಡ್ಡಾಯ. 2025ರಲ್ಲಿ 143 ಅಂಕದವರೆಗಿನ ಮನೆಗೆ ಗರಿಷ್ಠ ಮೂಲ ಬಾಡಿಗೆ 900.07 ಯೂರೋ, 186 ಅಂಕಕ್ಕೆ 1,184.82 ಯೂರೋ ಇತ್ತು; 187ರಿಂದ ಮೇಲೆ ಮಾರುಕಟ್ಟೆ ದರ. ಈ ಮಿತಿ ವರ್ಷವರ್ಷ ಬದಲಾಗುತ್ತದೆ. 2025ರಿಂದ ಹೊಸ ಕರಾರಿನ ಜೊತೆ ಅಂಕದ ಹಾಳೆ ಕೊಡುವುದು ಮಾಲೀಕರ ಕರ್ತವ್ಯ. ಕೊಟ್ಟ ಹಾಳೆಯನ್ನು ಹಾಗೇ ನಂಬಬೇಡಿ: ಬಾಡಿಗೆ ಆಯೋಗವಾದ ಹ್ಯೂರ್‌ಕೊಮಿಸ್ಸಿ ತನ್ನ ತಾಣದಲ್ಲಿ ಲೆಕ್ಕ ಹಾಕುವ ಸೌಲಭ್ಯ ಇಟ್ಟಿದೆ, ಅಲ್ಲಿ ಮತ್ತೊಮ್ಮೆ ಕೂಡಿಸಿ. ಮಾರುಕಟ್ಟೆ ದರದ ಮನೆ ಎಂದು ಕೊಟ್ಟಿದ್ದರೆ ಕರಾರು ಶುರುವಾದ ಆರು ತಿಂಗಳೊಳಗೆ ಆಯೋಗಕ್ಕೆ ಹೋಗಬೇಕು. ಆ ಗಡುವು ದಾಟಿದರೆ ಆರಂಭದ ಬಾಡಿಗೆಯನ್ನು ಪ್ರಶ್ನಿಸುವ ದಾರಿ ಮುಚ್ಚಿತು.

ಕರಾರಿನಲ್ಲಿ ಮೂಲ ಬಾಡಿಗೆ, ಸೇವಾ ವೆಚ್ಚ, ಗ್ಯಾಸು-ನೀರು-ವಿದ್ಯುತ್ತು ಬೇರೆ ಬೇರೆ ಸಾಲಿನಲ್ಲಿರಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಸಮಾಧಾನದ ಸಂಗತಿ: 2023ರ ಜುಲೈ 1ರ ನಂತರದ ಕರಾರುಗಳಲ್ಲಿ ಠೇವಣಿ ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚಿರಕೂಡದು. 2024ರ ಜುಲೈನಿಂದ ಅವಧಿಯಿಲ್ಲದ ಕರಾರೇ ನಿಯಮ, ತಾತ್ಕಾಲಿಕ ಕರಾರು ಕೆಲವೇ ಸಂದರ್ಭಗಳಿಗೆ. ಮಾಲೀಕರು ಹೊರದೇಶದಿಂದ ಮರಳಿದಾಗ ಮನೆ ಬಿಟ್ಟುಕೊಡಬೇಕು ಎಂಬ ರಾಯಭಾರಿ ಷರತ್ತು ಇದೆಯೇ ಎಂದು ಹುಡುಕಿ. ಹಳ್ಳಿಯ ಒಳ್ಳೆಯ ಮನೆಗಳು ಎಷ್ಟೋ ಸಲ ಈ ಷರತ್ತಿನ ಮೇಲೇ ಬಾಡಿಗೆಗೆ ಬರುತ್ತವೆ.

ಕೀಲಿ ಸಿಕ್ಕ ದಿನ ಸಾಮಾನು ಒಳಗಿಡುವ ಮೊದಲೇ ಮೀಟರಿನ ಕಪಾಟು ತೆರೆದು ಫೋಟೊ ತೆಗೆಯಿರಿ. ಗ್ಯಾಸ್ ಮತ್ತು ನೀರು ಘನ ಮೀಟರ್‌ನಲ್ಲಿ. ವಿದ್ಯುತ್ ಸ್ಮಾರ್ಟ್ ಮೀಟರಿನಲ್ಲಿ 1.8.1 ಎಂಬ ಸಾಲು ಕಡಿಮೆ ದರದ ಬಳಕೆಯದ್ದು, 1.8.2 ಸಾಮಾನ್ಯ ದರದ್ದು. ಚಾವಣಿಯಲ್ಲಿ ಸೋಲಾರ್ ಇದ್ದರೆ ಹೊರಗೆ ಕಳಿಸಿದ ವಿದ್ಯುತ್ತಿನ ಸಾಲುಗಳಾದ 2.8.1 ಮತ್ತು 2.8.2 ಕೂಡ ಬೇಕು. ವಿದ್ಯುತ್ ಕಂಪನಿ ನೀವೇ ಆರಿಸಬಹುದು, ನೀರಿಗೆ ಆಯ್ಕೆಯಿಲ್ಲ, ಇಲ್ಲಿ ಬ್ರಬಾಂಟ್ ವಾಟರ್. ಗೋಡೆ, ಕಿಟಕಿ ಚೌಕಟ್ಟು, ಸಿಂಕಿನ ಕೆಳಗೆ, ಶೆಡ್ಡಿನ ಬಾಗಿಲು, ಎಲ್ಲದರ ಫೋಟೊವನ್ನೂ ತಪಾಸಣಾ ವರದಿಗೆ ಸೇರಿಸಿ ಸಹಿ ಹಾಕಿಸಿ. ಕಸದ ಡಬ್ಬಿಗಳನ್ನೂ ಎಣಿಸಿ. ಅವುಗಳ ಚಿಪ್ ಮನೆಯ ವಿಳಾಸಕ್ಕೆ ಅಂಟಿಕೊಂಡಿರುತ್ತದೆ, ಕಾಣೆಯಾಗಿದ್ದರೆ ಮೊದಲ ದಿನವೇ ತಿಳಿಸಬೇಕು. ಮನೆ ಬದಲಿಸಿದ ಐದು ದಿನದೊಳಗೆ ನಗರಸಭೆಗೆ ಹೊಸ ವಿಳಾಸ ಕೊಡಿ. ಕಸದ ತೆರಿಗೆ ಮತ್ತು ಜಲಮಂಡಳಿಯ ತೆರಿಗೆ ಬಾಡಿಗೆದಾರರ ಹೆಸರಿಗೇ ಬರುತ್ತವೆ, ಅದಕ್ಕೆ ವರ್ಷಕ್ಕೊಮ್ಮೆ ಕೈಯಲ್ಲಿ ದುಡ್ಡಿರಲಿ.

ಸಣ್ಣ ರಿಪೇರಿ ಕಾನೂನಿನ ಪ್ರಕಾರ ನಿಮ್ಮದು: ಹುಲ್ಲು ಕತ್ತರಿಸುವುದು, ಬೇಲಿ ಸವರುವುದು, ಟೈಲ್ ಸಂದಿನ ಕಳೆ, ಕೈಗೆಟಕುವ ಮಳೆನೀರಿನ ದೋಣಿ, ಕೋಣೆ ಬೆಚ್ಚಗಿಡುವ ರೇಡಿಯೇಟರಿನ ಗಾಳಿ ಬಿಡುವುದು. ಆ ರೇಡಿಯೇಟರುಗಳಿಗೆ ಬಿಸಿನೀರು ಕೊಡುವ ಬಾಯ್ಲರಿನ ಒತ್ತಡ 1.5ರಿಂದ 2 ಬಾರ್ ಇರಬೇಕು, 1ಕ್ಕಿಂತ ಕೆಳಗಿಳಿದರೆ ನೀರು ತುಂಬಿ. ಬಾಯ್ಲರ್ ಆರಿಸಿ ತಣ್ಣಗಾಗಲು ಬಿಡಿ; ಕೊಳವೆಯನ್ನು ಮೊದಲು ನಲ್ಲಿಗೆ ಸಿಕ್ಕಿಸಿ ನೀರಿನಿಂದ ತುಂಬಿಸಿಕೊಂಡು ಆಮೇಲೆ ಬಾಯ್ಲರಿಗೆ ಜೋಡಿಸಿ, ಇಲ್ಲವಾದರೆ ಕೊಳವೆಯ ಗಾಳಿಯೆಲ್ಲ ಒಳಗೆ ಹೋಗುತ್ತದೆ. ತುಂಬಿದ ಮೇಲೆ ಕೆಳಮನೆಯಿಂದ ಶುರುಮಾಡಿ ಮೇಲಕ್ಕೆ ಒಂದೊಂದೇ ರೇಡಿಯೇಟರಿನ ಗಾಳಿ ಬಿಡಿ, ಕೊನೆಗೆ ಒತ್ತಡ ಮತ್ತೆ ನೋಡಿ.

ಬೂಷ್ಟು ನಮ್ಮ ಅಡುಗೆಯ ಮನೆಗಳಲ್ಲಿ ದೊಡ್ಡ ತಕರಾರು. ಅನ್ನ, ಸಾರು, ಇಡ್ಲಿಯ ಹಬೆ, ಒಳಗೇ ಒಣಗಿಸುವ ಬಟ್ಟೆ, ಜೊತೆಗೆ ಚಳಿಯೆಂದು ಮುಚ್ಚಿದ ಗಾಳಿಕಿಂಡಿ; ತೇವ ಹೊರಗೆ ಹೋಗಲಾರದೆ ತಣ್ಣನೆಯ ಮೂಲೆಗೋಡೆಗೆ ಕೂರುತ್ತದೆ. ಕಿಟಕಿಯ ಮೇಲಿನ ಕಿಂಡಿ ತೆರೆದೇ ಇರಲಿ. ತೇವದ ಗಾಳಿಯನ್ನು ಹೊರಗೆಳೆಯುವ ಗಾಳಿಯಂತ್ರ ಸದ್ದು ಮಾಡುತ್ತದೆಂದು ಪ್ಲಗ್ ಕೀಳುವವರಿದ್ದಾರೆ, ಕೀಳಬೇಡಿ. ಅಡುಗೆ, ಸ್ನಾನದ ಹೊತ್ತಿಗೆ ಮೂರನೇ ವೇಗಕ್ಕೆ ಹಾಕಿ ಮುಗಿದ ಮೇಲೂ ಅರ್ಧ ಗಂಟೆ ಬಿಡಿ. ಅಡುಗೆಮನೆಯ ಚಿಮಣಿ ಗಾಳಿಯನ್ನು ಹೊರಗೆ ಬಿಡುತ್ತದೋ ಇದ್ದಿಲು ಜರಡಿಯಲ್ಲಿ ಸುತ್ತಿಸುತ್ತದೋ ನೋಡಿಕೊಳ್ಳಿ. ಎರಡನೆಯದಾದರೆ ಒಗ್ಗರಣೆಯ ವಾಸನೆ ಸ್ವಲ್ಪ ತಗ್ಗುತ್ತದೆ, ತೇವ ಮಾತ್ರ ಮನೆಯೊಳಗೇ ಉಳಿಯುತ್ತದೆ. ತೇವಮಾಪಕ ತಂದಿಟ್ಟು ಶೇ. 40ರಿಂದ 60ರೊಳಗೆ ಇರಿಸಿಕೊಳ್ಳಿ.

ಊರಿನಿಂದ ತಂದ ಮಿಕ್ಸಿ ಇಲ್ಲಿಯ 230 ವೋಲ್ಟಿಗೆ ಸರಿಹೋಗುತ್ತದೆ, ಪ್ಲಗ್ ಮಾತ್ರ ಕೂರುವುದಿಲ್ಲ. ಅರ್ಥಿಂಗ್ ಇರುವ ಯುರೋಪಿನ ಪ್ಲಗ್ ಹಾಕಿಸಿ ಅಡುಗೆಮನೆಯ ಸಾಕೆಟ್ಟಿನಲ್ಲೇ ಬಳಸಿ. ಹಳೆಯ ಮನೆಗಳ ಕೋಣೆಯ ಸಾಕೆಟ್ಟುಗಳಲ್ಲಿ ಅರ್ಥಿಂಗ್ ಇರದಿರಬಹುದು. ಸಾಲು ಮನೆಯಲ್ಲಿ ಪಕ್ಕದವರ ಗೋಡೆಗೆ ತಾಗಿದ ಕಟ್ಟೆಯ ಮೇಲೆ ಬೆಳಗ್ಗೆ ಆರಕ್ಕೆ ಚಟ್ನಿ ರುಬ್ಬಿದರೆ ಆ ಸದ್ದು ಅವರ ಮಲಗುವ ಕೋಣೆಗೆ ಹೋಗುತ್ತದೆ. ದಪ್ಪ ರಬ್ಬರ್ ಹಾಸು ಹಾಕಿ, ಬೇರೆ ಗೋಡೆಯ ಕಡೆ ಇಟ್ಟುಕೊಳ್ಳಿ. ಭಾನುವಾರ ಗೋಡೆ ಕೊರೆಯಬೇಡಿ. ಮನೆಯಲ್ಲಿ ಹಬ್ಬವೋ ಹುಟ್ಟುಹಬ್ಬವೋ ಇದ್ದರೆ ಎರಡು ದಿನ ಮುಂಚೆ ಅಕ್ಕಪಕ್ಕದವರ ಅಂಚೆಪೆಟ್ಟಿಗೆಗೆ ಫೋನ್ ನಂಬರಿನ ಜೊತೆ ಒಂದು ಚೀಟಿ ಹಾಕಿ. ಇಲ್ಲಿ ಅದು ರೂಢಿ, ಅದನ್ನು ಮೆಚ್ಚುತ್ತಾರೆ.

ಬಿಡುವಾಗ ಸಾಮಾನ್ಯವಾಗಿ ಒಂದು ತಿಂಗಳ ಲಿಖಿತ ನೋಟಿಸ್ ಸಾಕು. ಕೊನೆಯ ದಿನಕ್ಕೆ ಎರಡು ವಾರ ಮುಂಚೆಯೇ ಒಂದು ತಪಾಸಣೆ ಕೇಳಿ ಪಡೆಯಿರಿ. ಗೋಡೆಯ ಮೊಳೆ ತೂತು ಮುಚ್ಚಲು, ನೆಲಹಾಸು ಕೀಳಲು ಆಗ ಸಮಯ ಸಿಗುತ್ತದೆ. ಮೇಲೆ ಹೇಳಿದ 2023ರ ಜುಲೈ 1ರ ನಂತರದ ಕರಾರಾದರೆ ಠೇವಣಿ 14 ದಿನದೊಳಗೆ ಮರಳಬೇಕು, ಹಾನಿಗೆ ಕಡಿತವಿದ್ದರೆ 30 ದಿನದೊಳಗೆ ಬಾಬ್ತುವಾರು ಲೆಕ್ಕದ ಜೊತೆ. ಮೊದಲ ದಿನದ ಫೋಟೊಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.