ಕೌನ್ಸಿಲ್ ಫೈಲಿನಲ್ಲಿ ನಿಮ್ಮ ಬಗ್ಗೆ ಏನು ಬರೆದಿದೆ? ಕೇಳಿ ಪಡೆಯುವುದು ಹೀಗೆ

ಇಂಗ್ಲೆಂಡಿಗೆ ಬಂದ ಎರಡನೇ ವರ್ಷ ನಾವು ಊರಿಂದ ವೆಟ್ ಗ್ರೈಂಡರ್ ತರಿಸಿಕೊಂಡೆವು. ಇಲ್ಲಿನ ಚಳಿಗೆ ದೋಸೆ ಹಿಟ್ಟು ಹುಳಿ ಬರಲು ಎರಡು ರಾತ್ರಿ ಬೇಕು. ಹಾಗಾಗಿ ಗುರುವಾರ ಕೆಲಸದಿಂದ ಬಂದು, ಊಟ ಮುಗಿಸಿ, ರಾತ್ರಿ ಒಂಬತ್ತೂವರೆಗೆ ಅಕ್ಕಿ, ಉದ್ದು ಹಾಕಿ ರುಬ್ಬುತ್ತಿದ್ದೆವು. ಶನಿವಾರ ಬೆಳಿಗ್ಗೆ ದೋಸೆ. ಐದಾರು ವಾರ ಆಗಿತ್ತೋ ಏನೋ, ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ಸ್ಥಳೀಯ ಆಡಳಿತದಿಂದ, ಒಂದು ಪತ್ರ ಬಂತು. ನಿಮ್ಮ ಮನೆಯಿಂದ ರಾತ್ರಿ ಹೊತ್ತು ಯಂತ್ರದ ಸದ್ದು ಬರುತ್ತಿದೆ ಎಂದು ದೂರು ಬಂದಿದೆ ಅಂತ. ಕೆಳಗೆ ಕಮ್ಯುನಿಟಿ ಸೇಫ್ಟಿ ಟೀಮ್ ಅನ್ನುವ ಹೆಸರು, ಒಂದು ರೆಫರೆನ್ಸ್ ನಂಬರ್.

ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ: "ಇದು ಪೊಲೀಸರಿಗೂ ಹೋಗಿದೆಯಾ? ನಮ್ಮ ಹೆಸರು ಎಲ್ಲೆಲ್ಲಿ ಬರೆದಿಟ್ಟಿದ್ದಾರೋ ಏನೋ."

ಆ ಪ್ರಶ್ನೆಗೆ ಆವತ್ತು ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ, ಓದಿ, ಬರೆದು ಕೇಳಿ ಕಲಿತೆ. ಇಲ್ಲಿಗೆ ಬಂದಿರುವ ನಮ್ಮವರು ಎಷ್ಟೋ ಜನ ಎರಡು ರೀತಿಯಲ್ಲಿ ಕಷ್ಟಪಡುವುದನ್ನು ನೋಡಿದ್ದೇನೆ. ತಮ್ಮ ಮೇಲೆ ದೂರು ಬಂದರೆ ಹೆದರಿ ಸುಮ್ಮನಾಗುತ್ತಾರೆ. ತಮಗೇ ತೊಂದರೆ ಆದಾಗ, ಪಕ್ಕದ ಮನೆಯವರಿಗೆ ಹೆಸರು ಗೊತ್ತಾಗಿಬಿಡುತ್ತೆ ಅಂತ ದೂರೇ ಕೊಡುವುದಿಲ್ಲ. ಎರಡೂ ಬೇಡ. ಆ ಫೈಲಿನಲ್ಲಿ ನಿಮ್ಮ ಬಗ್ಗೆ ಇರುವುದನ್ನು ಓದುವ ಹಕ್ಕು ನಿಮಗಿದೆ. ಅದೂ ಪುಕ್ಕಟೆಯಾಗಿ.

ಮೊದಲೇ ಒಂದು ಮಾತು. ಇಂಥ ಮೊದಲ ಪತ್ರ ಶಿಕ್ಷೆ ಅಲ್ಲ, ಕ್ರಿಮಿನಲ್ ದಾಖಲೆಯೂ ಅಲ್ಲ. ಒಬ್ಬರು ಹೀಗೆ ಹೇಳಿದ್ದಾರೆ, ನಿಮ್ಮ ಗಮನಕ್ಕೆ ತರುತ್ತಿದ್ದೇವೆ, ಅಷ್ಟೇ.

ಈ ಟೀಮ್ ಯಾಕಿದೆ, ಯಾರ ಜೊತೆ ಕೂರುತ್ತೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1998ರ ಕ್ರೈಮ್ ಅಂಡ್ ಡಿಸಾರ್ಡರ್ ಕಾಯ್ದೆ ಬಂದಮೇಲೆ, ಊರಿನ ಸುರಕ್ಷತೆ ಪೊಲೀಸರದ್ದು ಮಾತ್ರ ಅನ್ನುವ ಲೆಕ್ಕ ಹೋಯಿತು. ಕೌನ್ಸಿಲ್, ಪೊಲೀಸ್, ಅಗ್ನಿಶಾಮಕ, ಪ್ರೊಬೇಷನ್ (ಶಿಕ್ಷೆಯಾದವರ ಮೇಲೆ ಹೊರಗೆ ನಿಗಾ ಇಡುವವರು), ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಎಲ್ಲರೂ ಸೇರಿ ಕೆಲಸ ಮಾಡಬೇಕು. ಆ ಕೂಟಕ್ಕೆ ಕಮ್ಯುನಿಟಿ ಸೇಫ್ಟಿ ಪಾರ್ಟ್ನರ್‌ಶಿಪ್ ಅಂತ ಹೆಸರು. ಅಕ್ಕಪಕ್ಕದವರ ಜಗಳ, ರಾತ್ರಿಯ ಗಲಾಟೆ, ಬಣ್ಣ ನೋಡಿ ಬೈಯುವುದು, ಮನೆಯೊಳಗಿನ ಹಿಂಸೆ, ಡ್ರಗ್ಸ್, ಚಾಕು ಹಿಡಿದು ಓಡಾಡುವ ಹುಡುಗರು, ಇವೆಲ್ಲ ಅಲ್ಲಿಗೆ ಬರುತ್ತವೆ.

ಅದೇ ಕಾಯ್ದೆಯ 115ನೇ ಸೆಕ್ಷನ್ ಈ ಸಂಸ್ಥೆಗಳಿಗೆ ಮಾಹಿತಿ ಕೊಡುವ ಅಧಿಕಾರ ಕೊಡುತ್ತದೆ. ಇಲ್ಲಿ ಒಂದು ಪದ ಗಮನಿಸಿ. ಅದು ಅಧಿಕಾರ, ಕಡ್ಡಾಯ ಅಲ್ಲ. ಕೊಡಬಹುದು, ಆದರೆ ಆ ಕೆಲಸಕ್ಕೆ ಅದು ಬೇಕಾಗಿರಬೇಕು. ಸುಮ್ನೆ ಇರಲಿ ಅಂತ ಇಡೀ ಫೈಲನ್ನು ಎಲ್ಲರಿಗೂ ಕಳಿಸುವ ಹಾಗಿಲ್ಲ.

ಮೊದಲು: ಪ್ರೈವಸಿ ನೋಟಿಸ್ ಹುಡುಕಿ

ಮೊದಲು ಯಾವ ಕೌನ್ಸಿಲ್ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲವು ಕಡೆ ಡಿಸ್ಟ್ರಿಕ್ಟ್ ಬೇರೆ, ಕೌಂಟಿ ಬೇರೆ. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹೇಳುತ್ತದೆ.

ಆಮೇಲೆ ಕೌನ್ಸಿಲ್ ವೆಬ್‌ಸೈಟಿನ ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ 'ಪ್ರೈವಸಿ' ಅಂತ ಇರುತ್ತದೆ. ಒತ್ತಿದರೆ ಒಂದೊಂದು ವಿಭಾಗಕ್ಕೆ ಒಂದೊಂದು ನೋಟಿಸ್ ಸಿಗಬಹುದು. ಕಮ್ಯುನಿಟಿ ಸೇಫ್ಟಿಯದ್ದನ್ನೇ ತೆಗೆಯಿರಿ. ಎಲ್ಲ ಓದಬೇಕಾಗಿಲ್ಲ. ಯಾವ ಮಾಹಿತಿ ತೆಗೆದುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಎಷ್ಟು ವರ್ಷ ಇಡುತ್ತಾರೆ, ಡೇಟಾ ಪ್ರೊಟೆಕ್ಷನ್ ಆಫೀಸರ್, ಅಂದರೆ ಜನರ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಅಧಿಕಾರಿ, ಅವರ ಇಮೇಲ್ ಏನು, ಇಷ್ಟು ನೋಡಿ. ಆ ಇಮೇಲನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಸರ್ಕಾರಿ ಸಂಸ್ಥೆಗಳು ಇಂಥ ಒಬ್ಬ ಅಧಿಕಾರಿಯನ್ನು ಇಟ್ಟುಕೊಳ್ಳಲೇಬೇಕು.

ಅಲ್ಲೇ 'ಕಾನೂನಿನ ಆಧಾರ' ಅನ್ನುವ ಜಾಗದಲ್ಲಿ ಪಬ್ಲಿಕ್ ಟಾಸ್ಕ್ ಅಂತ ಇರುವುದು ಜಾಸ್ತಿ. ನಮ್ಮವರು ಎಡವುವುದು ಇಲ್ಲೇ. "ನಾನು ಒಪ್ಪಿಗೆ ಕೊಟ್ಟೇ ಇಲ್ಲ, ನನ್ನ ಹೆಸರು ಹೇಗೆ ಬರೆದುಕೊಂಡರು?" ಅಂತ ಕೇಳುತ್ತಾರೆ. ಈ ಕೆಲಸಕ್ಕೆ ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಬೇಕಾಗಿಲ್ಲ. ಕಾನೂನು ಹೊರಿಸಿದ ಕೆಲಸ ಅಂತ ಮಾಡುತ್ತಾರೆ. ಹಾಗಾಗಿ 'ನನ್ನ ಫೈಲ್ ಅಳಿಸಿಬಿಡಿ' ಅಂದರೆ ಬಹಳ ಸಲ ಆಗುವುದಿಲ್ಲ. ನೋಡುವ ಹಕ್ಕು, ತಪ್ಪು ತಿದ್ದಿಸುವ ಹಕ್ಕು, ಆಕ್ಷೇಪ ಹೇಳುವ ಹಕ್ಕು ಮಾತ್ರ ಇದ್ದೇ ಇದೆ.

ದೂರು ಕೊಡುವವರು ನೀವಾದರೆ

ಸದ್ದಿನ ದೂರಾದರೆ ಡೈರಿ ಶೀಟ್ ಕೊಡುತ್ತಾರೆ. ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಎಂಥ ಸದ್ದು, ನಿಮಗೆ ಏನಾಯಿತು. ಕೆಲವು ಕಡೆ ಫೋನಿನ ಆ್ಯಪ್‌ನಲ್ಲೇ ಸದ್ದು ರೆಕಾರ್ಡ್ ಮಾಡಿ ಕಳಿಸಬಹುದು. ಕೇಳಿದ್ದನ್ನು, ಕಂಡದ್ದನ್ನು ಮಾತ್ರ ಬರೆಯಿರಿ. 'ಅವನು ಕುಡುಕ, ಡ್ರಗ್ಸ್ ಮಾರುತ್ತಾನೆ ಅನ್ಸತ್ತೆ' ಅಂತ ಬರೆದರೆ ಅದೂ ಫೈಲಿನಲ್ಲಿ ಕೂರುತ್ತದೆ. ಅದು ಇನ್ನೊಬ್ಬರ ವೈಯಕ್ತಿಕ ಮಾಹಿತಿ. ಅವರೂ ಒಂದು ದಿನ ಕೇಳಿ ಪಡೆಯಬಹುದು.

ನಿಮ್ಮ ಹೆಸರು ಬಚ್ಚಿಡುತ್ತಾರಾ? ಫಾರಂ ತುಂಬುವ ಮೊದಲೇ ಬಾಯಿಬಿಟ್ಟು ಕೇಳಿ. ಆರಂಭದ ಪತ್ರಗಳಲ್ಲಿ ಸಾಮಾನ್ಯವಾಗಿ ದೂರುದಾರರ ಹೆಸರು ಹಾಕುವುದಿಲ್ಲ. ಆದರೆ ಎರಡೇ ಮನೆ ಇರುವ ಮಹಡಿಯಲ್ಲಿ ಯಾರು ಹೇಳಿದ್ದು ಅಂತ ಊಹಿಸುವುದು ಕಷ್ಟವಲ್ಲ, ಅಲ್ವಾ? ಪ್ರಕರಣ ಕೋರ್ಟಿಗೆ ಹೋದರೆ ಹೇಳಿಕೆ ಬೇಕಾಗಬಹುದು. ನಿಮಗೆ ಭಯ ಇದ್ದರೆ, ನಿಮ್ಮ ಬದಲು ಅಧಿಕಾರಿಯೇ 'ನನಗೆ ಹೀಗೆ ಹೇಳಿದ್ದಾರೆ' ಎಂದು ಸಾಕ್ಷಿ ಹೇಳಲು ಸಿವಿಲ್ ಕೋರ್ಟಿನಲ್ಲಿ ದಾರಿ ಇದೆ. ಅದನ್ನೂ ಮೊದಲೇ ಕೇಳಿ.

ಫಾರಮ್ಮಿನ ಕೊನೆಯಲ್ಲಿ ಜನಾಂಗ, ಧರ್ಮ, ಆರೋಗ್ಯ, ಅಂಗವೈಕಲ್ಯ ಕೇಳುತ್ತಾರೆ. ಇವಕ್ಕೆ ಕಾನೂನಿನಲ್ಲಿ ಹೆಚ್ಚಿನ ರಕ್ಷಣೆ ಇದೆ. ಅಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ 'ಹೇಳಲು ಇಷ್ಟವಿಲ್ಲ' ಅನ್ನುವ ಆಯ್ಕೆಯೂ ಇರುತ್ತದೆ. ಆದರೆ ನಿಮ್ಮ ಬಣ್ಣ, ಭಾಷೆ, ಧರ್ಮದ ಕಾರಣಕ್ಕೇ ಕಾಟ ಕೊಡುತ್ತಿದ್ದರೆ ಖಂಡಿತ ಹೇಳಿ. ಮನೆಯಲ್ಲಿ ಹೃದಯದ ತೊಂದರೆ ಇರುವ ಅತ್ತೆ ಇದ್ದಾರೆ, ಎಳೆ ಮಗು ಇದೆ ಅಂದರೆ ಅದನ್ನೂ ಹೇಳಿ. ಅಪಾಯ ಎಷ್ಟು ಅಂತ ಅಳೆಯುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಪ್ರತಿ ಸಲ ರೆಫರೆನ್ಸ್ ನಂಬರ್ ಕೇಳಿ ಬರೆದಿಡಿ. ಇದಕ್ಕೆ ಕಾರಣ ಇದೆ. ಅಕ್ಕಪಕ್ಕದವರಿಗೆ ಕಾಟ ಕೊಡುವ ನಡವಳಿಕೆಗೆ ಇಲ್ಲಿ ಆ್ಯಂಟಿ ಸೋಷಿಯಲ್ ಬಿಹೇವಿಯರ್, ಚಿಕ್ಕದಾಗಿ ಎಎಸ್‌ಬಿ, ಅನ್ನುತ್ತಾರೆ. ಅದರ ಬಗ್ಗೆ ಇರುವ 2014ರ ಕಾಯ್ದೆಯಲ್ಲಿ ಎಎಸ್‌ಬಿ ಕೇಸ್ ರಿವ್ಯೂ ಅನ್ನುವ ಅವಕಾಶ ಕೊಟ್ಟಿದ್ದಾರೆ. ಆರು ತಿಂಗಳಲ್ಲಿ ಮೂರು ಸಲ ದೂರು ಕೊಟ್ಟೂ ಏನೂ ಆಗದಿದ್ದರೆ, ಎಲ್ಲ ಸಂಸ್ಥೆಗಳೂ ಕೂತು ನಿಮ್ಮ ಪ್ರಕರಣವನ್ನು ಮತ್ತೆ ನೋಡುವಂತೆ ಕೇಳಬಹುದು. ಆಗ ಯಾವತ್ತು ಹೇಳಿದ್ದೆ ಅನ್ನುವುದಕ್ಕೆ ಆ ನಂಬರುಗಳೇ ನಿಮ್ಮ ಸಾಕ್ಷಿ.

ಹಂಚಿಕೊಂಡ ಮಾಹಿತಿ ಕೈ ತಪ್ಪಿದರೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2017ರ ಜನವರಿಯಲ್ಲಿ ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಕೌನ್ಸಿಲ್‌ನ ಒಬ್ಬ ನೌಕರರು 44 ಜನರಿಗೆ ಒಂದು ಇಮೇಲ್ ಕಳಿಸಿದರು. ಅದರಲ್ಲಿ ಲಂಡನ್ ಪೊಲೀಸರ ಗ್ಯಾಂಗ್ಸ್ ಮೇಟ್ರಿಕ್ಸ್, ಅಂದರೆ ಗ್ಯಾಂಗಿನವರು ಅನ್ನುವ ಅನುಮಾನ ಇದ್ದವರ ಪಟ್ಟಿಯ ಭಾಗ ಇತ್ತು. 203 ಜನರ ಹುಟ್ಟಿದ ದಿನ, ಮನೆ ವಿಳಾಸ, ಯಾವ ಗ್ಯಾಂಗಿನವರು ಅನ್ನುವ ಅನುಮಾನ, ಚಾಕು ಇಟ್ಟುಕೊಳ್ಳುತ್ತಾರಾ ಅನ್ನುವುದು ಎಲ್ಲ. ಪಟ್ಟಿ ಎರಡು ರೂಪದಲ್ಲಿತ್ತು, ಒಂದು ಸೂಕ್ಷ್ಮ ವಿವರ ಮುಚ್ಚಿದ್ದು, ಒಂದು ಮುಚ್ಚದೇ ಇದ್ದದ್ದು. ಹೋದದ್ದು ಎರಡೂ. ಅದೇ ವರ್ಷ ಆ ಪಟ್ಟಿಯ ಫೋಟೋಗಳು ಸ್ನ್ಯಾಪ್‌ಚಾಟ್ ಮೂಲಕ ಎದುರಾಳಿ ಗ್ಯಾಂಗಿನ ಹುಡುಗರ ಕೈ ಸೇರಿದವು. 2019ರಲ್ಲಿ ಮಾಹಿತಿ ಆಯುಕ್ತರ ಕಚೇರಿ, ಅಂದರೆ ಐಸಿಒ, ಕೌನ್ಸಿಲ್‌ಗೆ 1,45,000 ಪೌಂಡ್ ದಂಡ ಹಾಕಿತು.

ಪಟ್ಟಿಯನ್ನು ಇನ್ನೊಂದು ಸಂಸ್ಥೆಗೆ ಕೊಡುವುದರಲ್ಲೇ ತಪ್ಪಿಲ್ಲ. ಹುಡುಗರನ್ನು ಕಾಪಾಡಲು ಅದು ಬೇಕಾಗಬಹುದು. ಮುಚ್ಚಿದ ಪ್ರತಿ ಸಾಕಾಗುವ ಕಡೆ ಮುಚ್ಚದ ಪ್ರತಿ ಹೋದದ್ದು, ಅಷ್ಟೊಂದು ಜನರಿಗೆ ಹೋದದ್ದು ತಪ್ಪು. ಅನುಮಾನದ ಮೇಲೆ ಹೆಸರು ಬಂದ ಒಬ್ಬ ಹುಡುಗನ ಮನೆ ವಿಳಾಸ, ಅವನಿಗೆ ಹೊಂಚು ಹಾಕುವವರ ಫೋನಿನಲ್ಲಿ ಇದ್ದರೆ ಅವನ ತಾಯಿಯ ಗತಿ ಏನು? ನನ್ನ ಮಾಹಿತಿ ಯಾರ ಕೈಗೆ ಹೋಗಿದೆ ಅಂತ ಕೇಳುವಾಗ ಹಿಂಜರಿಯಬೇಡಿ ಅನ್ನುವುದು ಇದಕ್ಕೇ.

ಫೈಲನ್ನು ಕೇಳುವುದು

ಇದಕ್ಕೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅನ್ನುತ್ತಾರೆ. ಡೇಟಾ ಪ್ರೊಟೆಕ್ಷನ್ ಆಫೀಸರ್‌ಗೆ ಒಂದು ಇಮೇಲ್ ಸಾಕು. ಫಾರಂ ಇದ್ದರೂ ಅದರಲ್ಲೇ ಕೇಳಬೇಕು ಅಂತಿಲ್ಲ. ಫೋನಿನಲ್ಲಿ ಕೇಳಿದರೂ ನಡೆಯುತ್ತದೆ, ಆದರೆ ಬರವಣಿಗೆಯಲ್ಲಿ ಇದ್ದರೆ ಒಳ್ಳೆಯದು.

ಇಮೇಲಿನಲ್ಲಿ ಪೂರ್ತಿ ಹೆಸರು, ಈಗಿನ ವಿಳಾಸ, ಆ ಸಮಯದಲ್ಲಿ ಬೇರೆ ಕಡೆ ಇದ್ದಿದ್ದರೆ ಹಳೆಯ ವಿಳಾಸ, ರೆಫರೆನ್ಸ್ ನಂಬರ್ ಹಾಕಿ. ನಮ್ಮ ಹೆಸರುಗಳ ತೊಂದರೆ ಒಂದಿದೆ. ಇನಿಷಿಯಲ್ ಮುಂದೆ, ತಂದೆಯ ಹೆಸರು ಹಿಂದೆ, ಸ್ಪೆಲ್ಲಿಂಗ್ ಎರಡು ಮೂರು ರೀತಿ. ನಿಮ್ಮ ಹೆಸರನ್ನು ಯಾವ್ಯಾವ ರೀತಿ ಬರೆದಿರಬಹುದೋ ಎಲ್ಲವನ್ನೂ ಕೊಡಿ. ಇಲ್ಲದಿದ್ದರೆ 'ಏನೂ ಸಿಗಲಿಲ್ಲ' ಅನ್ನುವ ಉತ್ತರ ಬರಬಹುದು. 'ನನ್ನ ಬಗ್ಗೆ ಇರುವುದೆಲ್ಲ ಕೊಡಿ' ಅನ್ನುವ ಬದಲು, ಕಮ್ಯುನಿಟಿ ಸೇಫ್ಟಿ ಮತ್ತು ಹೌಸಿಂಗ್ ವಿಭಾಗದಲ್ಲಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ, ಕೇಸ್ ನೋಟ್ಸ್, ಇಮೇಲ್, ಫೋನ್ ಟಿಪ್ಪಣಿ ಬೇಕು ಅಂತ ಕೇಳಿ. ಯಾರ ಜೊತೆ ಹಂಚಿಕೊಂಡಿದ್ದೀರಿ ಅನ್ನುವುದನ್ನೂ ಸೇರಿಸಿ.

ಗುರುತಿನ ಚೀಟಿ ಕೇಳಬಹುದು, ಕೊಡಿ. ಉತ್ತರಕ್ಕೆ ಒಂದು ತಿಂಗಳ ಗಡುವು. ತುಂಬ ತೊಡಕಿನ ವಿಷಯವಾದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು, ಆದರೆ ಅದನ್ನು ಮೊದಲ ತಿಂಗಳಲ್ಲೇ ತಿಳಿಸಬೇಕು.

ಸಿಸಿಟಿವಿ ದೃಶ್ಯ ಬೇಕಾದರೆ ಮಾತ್ರ ಕಾಯಬೇಡಿ. ಬೀದಿಯ ಕ್ಯಾಮೆರಾ ಚಿತ್ರವನ್ನು ಬಹಳ ಕೌನ್ಸಿಲ್‌ಗಳು ಸುಮಾರು ಒಂದು ತಿಂಗಳು ಮಾತ್ರ ಇಡುತ್ತವೆ. ಘಟನೆ ನಡೆದ ಒಂದೆರಡು ದಿನದಲ್ಲೇ ಜಾಗ, ಹೊತ್ತು, ನೀವು ಹಾಕಿದ್ದ ಬಟ್ಟೆ ಹೇಳಿ ಕೇಳಿ. ಅಪರಾಧ ನಡೆದಿದ್ದರೆ ಪೊಲೀಸರಿಗೆ ಹೇಳಿ, ಅವರೇ ತೆಗೆದಿಡಿಸುತ್ತಾರೆ.

ಕಪ್ಪು ಗೆರೆಗಳನ್ನು ಓದುವುದು

ನಾವು ಹೀಗೆ ಕೇಳಿದಾಗ ನಮಗೆ ಬಂದದ್ದು 14 ಪುಟ. ಮೂರನೇ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು. ನೋಡಿದ ಕೂಡಲೇ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಸಮಾಧಾನದಿಂದ ಓದಿದಾಗ ಅರ್ಥವಾಯಿತು. ಕಪ್ಪು ಹಚ್ಚಿದ್ದು ದೂರುದಾರರ ಹೆಸರು, ಫೋನ್, ಅವರ ಮನೆಯ ವಿಷಯ. ನಾಳೆ ನಾನು ದೂರು ಕೊಟ್ಟರೆ ನನ್ನನ್ನೂ ಅದೇ ಕಪ್ಪು ಗೆರೆ ಕಾಯುತ್ತದೆ. ತನಿಖೆಗೆ ಅಡ್ಡಿಯಾಗುವ ಮಾಹಿತಿಯನ್ನೂ 2018ರ ಡೇಟಾ ಪ್ರೊಟೆಕ್ಷನ್ ಕಾಯ್ದೆಯ ಪ್ರಕಾರ ತಡೆಹಿಡಿಯಬಹುದು. ಆದರೆ ನಿಮ್ಮ ಬಗ್ಗೆ ಅಧಿಕಾರಿ ಬರೆದ ಅಭಿಪ್ರಾಯ ನಿಮ್ಮದೇ ಮಾಹಿತಿ. ಅದನ್ನೂ ಮುಚ್ಚಿದ್ದಾರೆ ಅನ್ನಿಸಿದರೆ ಕಾರಣ ಕೇಳಿ.

ಕಪ್ಪು ಇಲ್ಲದ ಕಡೆ ಎರಡು ಸಾಲು ಕಣ್ಣಿಗೆ ಬಿದ್ದವು. 'ಪ್ರತಿ ರಾತ್ರಿ ಡ್ರಿಲ್ಲಿಂಗ್ ಮೆಷಿನ್ ಬಳಕೆ.' 'ಮನೆಯಲ್ಲಿ ಆರು ಮಂದಿ ವಯಸ್ಕರು.' ನಾವು ಇದ್ದದ್ದು ಇಬ್ಬರು, ಜೊತೆಗೆ ಮಗಳು. ಆ ತಿಂಗಳು ಅಪ್ಪ ಅಮ್ಮ ಊರಿಂದ ಬಂದಿದ್ದರು. ಹೌಸಿಂಗ್‌ನವರು ನಾಳೆ ಈ ಸಾಲು ಓದಿದರೆ ಮನೆಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಜನ ತುಂಬಿಕೊಂಡಿದ್ದಾರೆ ಅಂದುಕೊಳ್ಳುವುದಿಲ್ಲವೇ? ಪೊಲೀಸರಿಗೆ ಕೊಟ್ಟಿದ್ದೇವೆ ಅನ್ನುವ ಸಾಲು ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ನನ್ನ ಹೆಂಡತಿ ಎರಡು ಸಲ ಓದಿ ಖಾತ್ರಿ ಮಾಡಿಕೊಂಡಳು.

ತಪ್ಪು ತಿದ್ದಿಸುವುದು

ಪುಟದ ನಂಬರ್, ಅಲ್ಲಿ ಇರುವ ಮಾತು, ಸರಿಯಾದ ಮಾತು, ಅದಕ್ಕೆ ಆಧಾರ. ಹೀಗೆ ಬರೆದು ಕಳಿಸಿ. ಇದಕ್ಕೂ ಒಂದೇ ತಿಂಗಳು. ಮನೆಯಲ್ಲಿ ಎಷ್ಟು ಜನ ಅನ್ನುವುದು ಸಂಗತಿ, ಅದನ್ನು ತಿದ್ದಬೇಕು. ಆದರೆ ದೂರುದಾರರು 'ಡ್ರಿಲ್ಲಿಂಗ್ ಸದ್ದು ಕೇಳಿಸಿತು' ಅಂತ ಹೇಳಿದ್ದರೆ, ಅವರು ಹಾಗೆ ಹೇಳಿದ್ದು ನಿಜ. ಅದನ್ನು ಅಳಿಸುವುದಿಲ್ಲ. ನಿಮ್ಮ ಹೇಳಿಕೆಯನ್ನು ಪಕ್ಕದಲ್ಲೇ ಸೇರಿಸಿ ಅಂತ ಕೇಳಬಹುದು. ತಪ್ಪು ಮಾಹಿತಿ ಬೇರೆ ಸಂಸ್ಥೆಗೂ ಹೋಗಿದ್ದರೆ, ಅವರಿಗೂ ತಿದ್ದುಪಡಿ ತಿಳಿಸಿ ಅನ್ನಿ.

ಉತ್ತರ ಬರಲಿಲ್ಲ, ಬಂದರೂ ಸರಿಯಿಲ್ಲ ಅಂದರೆ ಮೊದಲು ಕೌನ್ಸಿಲ್‌ಗೇ ಲಿಖಿತ ದೂರು ಕೊಡಿ. ಆಮೇಲೆ ಐಸಿಒ. ಅವರ ಸಹಾಯವಾಣಿ 0303 123 1113. ಕೌನ್ಸಿಲ್ ಜೊತೆಗಿನ ಕೊನೆಯ ಪತ್ರವ್ಯವಹಾರದಿಂದ ಮೂರು ತಿಂಗಳೊಳಗೆ ಹೋಗುವುದು ಒಳ್ಳೆಯದು. ದುಡ್ಡು ಬೇಕಿಲ್ಲ, ವಕೀಲರೂ ಬೇಕಿಲ್ಲ.

ನಮಗೆ ಅಲ್ಲಿಯವರೆಗೆ ಹೋಗುವ ಅಗತ್ಯ ಬರಲಿಲ್ಲ. ಮೂರನೇ ವಾರ ತಿದ್ದಿದ ಪುಟ ಬಂತು. ವಯಸ್ಕರು ಇಬ್ಬರು, ಮಗು ಒಂದು. ಡ್ರಿಲ್ಲಿಂಗ್ ಅನ್ನುವ ಸಾಲಿನ ಕೆಳಗೆ ಹೊಸ ಸಾಲು: 'ನಿವಾಸಿಗಳ ಪ್ರಕಾರ ಇದು ಅಕ್ಕಿ ರುಬ್ಬುವ ಅಡುಗೆ ಯಂತ್ರ, ವಾರಕ್ಕೊಮ್ಮೆ, ಇನ್ನು ಮುಂದೆ ಸಂಜೆ ಏಳರೊಳಗೆ.' ಈಗ ಗ್ರೈಂಡರ್ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಇದೆ. ಗುರುವಾರ ನಾನು ಸ್ವಲ್ಪ ಬೇಗ ಮನೆಗೆ ಬರುತ್ತೇನೆ.